ಗುರುವಾರದ ಫೋನು

ಅವಳು ನಮ್ಮ ಕ್ಲಿನಿಕ್ಕಿಗೆ ಬಂದ ಮೊದಲ ದಿನ ಕುರ್ಚಿ ಒರೆಸಿ ಕೂರಿಸಿದವಳು ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ನಾನು ಮಾಡಿದ್ದರಲ್ಲಿ ಹೇಳಿಕೊಳ್ಳುವಂಥದ್ದು ಹೆಚ್ಚೇನೂ ಇಲ್ಲ.

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನಿಂದ ಐದು ನಿಮಿಷ ನಡೆದರೆ ಸಿಗುವ ಕ್ಲಿನಿಕ್ ಅದು. ಡಾಕ್ಟರಮ್ಮ ಒಬ್ಬರು, ನಾನೊಬ್ಬಳು. ಪಿಯುಸಿಯಲ್ಲಿ ಇಂಗ್ಲಿಷ್ ಕೈಕೊಟ್ಟ ವರ್ಷ ನನ್ನ ಮದುವೆಯಾಯಿತು. ಮಗಳು ಹುಟ್ಟಿ ನಡೆಯಲು ಕಲಿತ ಮೇಲೆ ಇಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದೆ. ಚೀಟಿಯಿಂದ ಶುರುವಾಗಿ ತೂಕ, ಬಿಪಿ, ಸಕ್ಕರೆ ನೋಡುವುದು, ಗಾಯ ತೊಳೆದು ಕಟ್ಟುವುದು, ಡಾಕ್ಟರಮ್ಮ ಬರೆದ ಮಾತ್ರೆಯನ್ನು ಹೇಗೆ ನುಂಗಬೇಕೆಂದು ಮುದುಕರಿಗೆ ಮೂರು ಸಲ ತಿಳಿಸಿ ಹೇಳುವುದು, ಎಲ್ಲವೂ ನನ್ನ ಪಾಲಿಗೆ ಬಂದವು. ಬಾಗಿಲಲ್ಲಿ ನಿಂತವರ ಉಸಿರು ನೋಡಿಯೇ ಯಾರನ್ನು ಮೊದಲು ಒಳಗೆ ಬಿಡಬೇಕೆಂದು ನನಗೆ ತಿಳಿಯುತ್ತಿತ್ತು.

ಸೇರಿದ ಹೊಸದರಲ್ಲಿ ಯಾರೋ ಹಾಸನದ ಪ್ಯಾರಾಮೆಡಿಕಲ್ ಕಾಲೇಜಿನ ಅರ್ಜಿ ತಂದುಕೊಟ್ಟಿದ್ದರು. ಡಾಕ್ಟರಮ್ಮನಿಗೆ ತೋರಿಸಿದೆ. "ನಿನ್ನ ಕೈಯಲ್ಲೇ ವಿದ್ಯೆ ಇದೆ, ಕೋರ್ಸ್ ಯಾಕೆ?" ಅಂದರು. ಹೊಗಳಿಕೆ ಅಂದುಕೊಂಡು ಹಿಗ್ಗಿದೆ. ಅರ್ಜಿ ಮಡಿಸಿ ಎಲ್ಲಿಟ್ಟೆನೋ ನೆನಪಿಲ್ಲ. ಹನ್ನೊಂದು ವರ್ಷ ಹೋಯಿತು.

ಆಮೇಲೆ ಡಾಕ್ಟರಮ್ಮ ಇಸಿಜಿ ಯಂತ್ರ ತಂದರು. ಅದು ಬರುತ್ತದೆಂದು ಗೊತ್ತಾದಾಗ ನನಗೆ ಕಲಿಸುತ್ತಾರೆಂದೇ ನಂಬಿದ್ದೆ. ಯಂತ್ರದ ಹಿಂದೆಯೇ ಅವಳು ಬಂದಳು. ಅರಕಲಗೂಡಿನ ಹುಡುಗಿ, ಇಪ್ಪತ್ತೆರಡರ ವಯಸ್ಸು, ಹಾಸನದಲ್ಲಿ ಡಿಪ್ಲೊಮಾ ಮುಗಿಸಿದ್ದಳು. ದಿನವೂ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಯಂತ್ರ ಬಿಟ್ಟರೆ ಅವಳಿಗೆ ಬೇರೇನೂ ಬರುತ್ತಿರಲಿಲ್ಲ ಅನ್ನುವುದು ನನಗೆ ಸಮಾಧಾನ ತಂದಿತ್ತು. ಬಡಕಲು ತೋಳಿಗೆ ಬಿಪಿ ಪಟ್ಟಿ ಸುತ್ತುವುದು, ಹಿಮ್ಮಡಿಯ ಗಾಯಕ್ಕೆ ಹತ್ತಿ ಹಾಸುವುದು, ಜಗಳ ತೆಗೆಯುವ ರೋಗಿಯ ಕಡೆಯವರನ್ನು ಮಾತಲ್ಲೇ ಕೂರಿಸುವುದು, ಇವನ್ನೆಲ್ಲ ನಾನೇ ಹೇಳಿಕೊಟ್ಟೆ. ಅವಳು "ಹೂಂ ಅಕ್ಕ, ಹೂಂ ಅಕ್ಕ" ಎನ್ನುತ್ತ ಕೇಳುತ್ತಿದ್ದಳು.

ಎರಡೇ ತಿಂಗಳಲ್ಲಿ ನನ್ನ ಕೆಲಸವೆಲ್ಲ ಅವಳಿಗೆ ಬಂತು. ಅವಳ ಕೆಲಸ ಮಾತ್ರ ನನಗೆ ಬರಲಿಲ್ಲ. ಯಂತ್ರದಿಂದ ಕಾಗದ ಹೊರಬಂದ ಕೂಡಲೇ ಡಾಕ್ಟರಮ್ಮ ಅವಳನ್ನು ಕರೆದು ಅದರ ಏರಿಳಿತದ ಮೇಲೆ ಬೆರಳಿಟ್ಟು ಇಂಗ್ಲಿಷಿನಲ್ಲಿ ಏನೋ ಕೇಳುವರು, ಅವಳು ಉತ್ತರ ಹೇಳುವಳು. ನಾನು ಫೈಲು ಹಿಡಿದು ನಿಂತಿರುತ್ತಿದ್ದೆ. ಆ ಗೆರೆಗಳು ನನಗೆ ಅರ್ಥವಾಗುತ್ತಿರಲಿಲ್ಲ. ಇಬ್ಬರ ತಲೆಯೂ ಒಂದೇ ಕಾಗದದ ಮೇಲೆ ಬಾಗಿದ್ದು ಮಾತ್ರ ಕಾಣುತ್ತಿತ್ತು. ರೋಗಿಗಳು ಅವಳನ್ನು ಸಿಸ್ಟರ್ ಎಂದು ಕರೆಯತೊಡಗಿದರು. ನಾನು ಹನ್ನೊಂದು ವರ್ಷದಿಂದ ಅಕ್ಕ. ಆ ಹೆಸರು ನನಗೆ ಪ್ರೀತಿಯದೇ ಆಗಿತ್ತು, ಪಕ್ಕದಲ್ಲಿ ಇನ್ನೊಂದು ಹೆಸರು ಕೇಳುವವರೆಗೆ.

ಮೊಸಳೆ ಅನ್ನುವ ಹಳ್ಳಿಯಿಂದ ಒಬ್ಬರು ಅಜ್ಜಿ ಬರುತ್ತಿದ್ದರು. ಸಕ್ಕರೆ ಕಾಯಿಲೆ, ಕಾಲಿನ ಗಾಯ. ಏಳೆಂಟು ತಿಂಗಳು ಆ ಗಾಯವನ್ನು ನಾನೇ ತೊಳೆದು ಕಟ್ಟಿದ್ದೆ. ನಾನು ರಜೆಯಲ್ಲಿದ್ದರೆ ಬಸ್ಸು ಹತ್ತಿ ವಾಪಸ್ ಹೋಗಿ ಮಾರನೇ ದಿನ ಬರುತ್ತಿದ್ದ ಹೆಂಗಸು. ಒಂದು ದಿನ ನಾನು ಬಟ್ಟಲು, ಹತ್ತಿ ಎಲ್ಲ ಜೋಡಿಸಿಕೊಂಡು ಕೂತರೆ ಅಜ್ಜಿ ಅತ್ತಿತ್ತ ನೋಡಿದರು.

"ಆ ಮಗ ಇಲ್ವೇನವ್ವ?"

"ಯಾಕಜ್ಜಿ, ನಾನಿದ್ದೀನಲ್ಲ."

"ನೀನಿದ್ದೀಯ, ಬುಡು. ಆ ಮಗ ಕಟ್ಟುದ್ರೆ ಕಟ್ಟಿದ್ದೇ ಗೊತ್ತಾಗಾಕಿಲ್ಲ ಕಣವ್ವ. ಅದಕ್ಕೇ ಕೇಳ್ದೆ."

ಅಜ್ಜಿಯ ಮನಸ್ಸಿನಲ್ಲಿ ಏನೂ ಇರಲಿಲ್ಲ. ನಾನು ನಗುತ್ತ ಎದ್ದು ಅವಳನ್ನು ಕರೆದೆ. ಅವಳು ಬಂದು ನೆಲದ ಮೇಲೆ ಕೂತು ಅಜ್ಜಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡಳು. ಹಿಮ್ಮಡಿಗೆ ಹತ್ತಿ ಹಾಸಿದ ರೀತಿ ನಾನು ಹೇಳಿಕೊಟ್ಟದ್ದೇ. ನನಗಿಂತ ಚೆನ್ನಾಗಿತ್ತು. ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಬುಧವಾರಗಳದ್ದು ಅದಕ್ಕಿಂತ ದೊಡ್ಡ ಸಂಗತಿ. ಪ್ರತಿ ಬುಧವಾರ ಡಾಕ್ಟರಮ್ಮ ಚನ್ನರಾಯಪಟ್ಟಣದ ಒಂದು ನರ್ಸಿಂಗ್ ಹೋಮಿಗೆ ರೋಗಿಗಳನ್ನು ನೋಡಲು ಹೋಗುತ್ತಿದ್ದರು. ಕಾರಿನಲ್ಲಿ ಅವರ ಪಕ್ಕದ ಸೀಟು ನನ್ನದು. ವಾಪಸ್ ಬರುವಾಗ ರಸ್ತೆ ಪಕ್ಕ ನಿಲ್ಲಿಸಿ ಎಳನೀರು ಕುಡಿಯುತ್ತಿದ್ದೆವು. ಕ್ಲಿನಿಕ್ಕಿನಲ್ಲಿ ಬಿಗಿಮುಖದ ಡಾಕ್ಟರಮ್ಮ ಅಲ್ಲಿ ತಮ್ಮ ಅಕ್ಕನ ಬಗ್ಗೆ, ಓದಿದ ಹಾಸ್ಟೆಲಿನ ಬಗ್ಗೆ ಮಾತಾಡುವರು. ನನ್ನ ಇಡೀ ವಾರದಲ್ಲಿ ನನಗೇ ಅಂತ ಇದ್ದದ್ದು ಆ ಅರ್ಧ ಗಂಟೆ. ಒಂದು ಮಂಗಳವಾರ ಸಂಜೆ ಬೀಗ ಹಾಕುವಾಗ ಅವರು, "ನಾಳೆಯಿಂದ ಚನ್ನರಾಯಪಟ್ಟಣಕ್ಕೆ ಅವಳು ಬರಲಿ. ಅಲ್ಲಿ ಇಸಿಜಿ ತೆಗೆಯೋರು ಬಿಟ್ಟು ಹೋಗಿದ್ದಾರೆ. ನೀನು ಇಲ್ಲಿ ಫೋನ್ ನೋಡ್ಕೊ" ಅಂದರು.

"ಆಯ್ತು ಮೇಡಂ" ಅಂದೆ.

ಮಾರನೆಯ ದಿನ ಅವಳು ಕಾರು ಹತ್ತಿದ್ದನ್ನು ಕಿಟಕಿಯಿಂದ ನೋಡಿದೆ. ಬೆಲ್ಟು ಹಾಕಿಕೊಳ್ಳಲು ಬಾರದೆ ತಡಕಾಡುತ್ತಿದ್ದಳು. ಡಾಕ್ಟರಮ್ಮ ಬಗ್ಗಿ ಹಾಕಿದರು. ಸಂಜೆ ಅವಳು, "ಅಕ್ಕ, ಎಳನೀರು ಕುಡಿಸಿದ್ರು, ಗಂಜಿ ತುಂಬ ಚೆನ್ನಾಗಿತ್ತು" ಎಂದು ಮಗುವಿನ ಹಾಗೆ ಹೇಳಿದಳು. ನಾನು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ.

ಅವಳಿಂದ ಹಾಸನದ ಒಂದು ದೊಡ್ಡ ಖಾಸಗಿ ಆಸ್ಪತ್ರೆಯಲ್ಲಿ ಇಸಿಜಿ ಟೆಕ್ನಿಷಿಯನ್ ಕೆಲಸಕ್ಕೆ ಅರ್ಜಿ ಹಾಕಿಸಿದ್ದೂ ಡಾಕ್ಟರಮ್ಮನೇ. "ಇಲ್ಲಿ ಇದ್ದರೆ ನೀನು ಬೆಳೆಯಲ್ಲ" ಎಂದು ನನ್ನ ಎದುರಿಗೇ ಅವಳಿಗೆ ಹೇಳಿದರು. ನಾನು ಇಲ್ಲಿಯೇ ಇದ್ದವಳು. ಆ ಮಾತು ನನಗೂ ತಾಗುತ್ತದೆ ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ.

ಗುರುವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಕ್ಲಿನಿಕ್ಕಿನ ಫೋನು ಹೊಡೆದುಕೊಂಡಿತು. ಆಸ್ಪತ್ರೆಯ ಆಫೀಸಿನಿಂದ ಒಬ್ಬರು. ಅವಳ ನಂಬರಿಗೆ ಎರಡು ಸಲ ಮಾಡಿದರೂ ಸಿಗಲಿಲ್ಲವಂತೆ. ಒಳಗೆ ಇಸಿಜಿ ತೆಗೆಯುವಾಗ ಅವಳು ಫೋನು ಬಂದ್ ಮಾಡಿಡುತ್ತಿದ್ದಳು.

"ಸೋಮವಾರ ಹತ್ತು ಗಂಟೆಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ತಗೊಂಡು ಬರೋಕೆ ಹೇಳಿ. ಅವತ್ತು ಬರಲಿಲ್ಲ ಅಂದ್ರೆ ಲಿಸ್ಟಲ್ಲಿ ಮುಂದಿನವರನ್ನ ಕರೀತೀವಿ."

"ಹೇಳ್ತೀನಿ ಸರ್" ಅಂದೆ. ಚೀಟಿಯಲ್ಲಿ ಬರೆದುಕೊಂಡೂ ಬಿಟ್ಟೆ. ಅಷ್ಟರಲ್ಲಿ ಅವಳು ಕೈಯಲ್ಲಿನ ಜೆಲ್ಲಿ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ಯಾರಕ್ಕ ಫೋನು?"

"ಮೆಡಿಕಲ್ ರೆಪ್ಪು. ನಾಳೆ ಬರ್ತಾರಂತೆ."

ಬಾಯಿ ತಾನಾಗಿ ಹೇಳಿತು ಎಂದು ಬರೆಯಬಹುದು. ಹಾಗಲ್ಲ. ಅವಳು ಬಾಗಿಲು ದಾಟಿ ಬಂದು ಕೇಳುವಷ್ಟರಲ್ಲಿ ನಾನು ಯೋಚಿಸಿಯಾಗಿತ್ತು. ಚೀಟಿಯನ್ನು ಮಡಿಸಿ ಪರ್ಸಿಗೆ ಹಾಕಿಕೊಂಡೆ.

ಶುಕ್ರವಾರ ಊಟ ಮಾಡುವಾಗ ಅವಳು ತನ್ನ ಡಬ್ಬಿಯ ರೊಟ್ಟಿಯಲ್ಲಿ ಅರ್ಧ ಮುರಿದು ನನಗೆ ಕೊಡುತ್ತ ಕೇಳಿದಳು, "ಅವ್ರು ಕರೀತಾರೆ ಅಂತೀರಾ ಅಕ್ಕ?"

"ಅಂಥಾ ಕಡೆ ಅವರವರ ಕಡೆಯೋರು ಇರ್ತಾರೆ ಕಣೇ. ಜಾಸ್ತಿ ಆಸೆ ಇಟ್ಕೋಬೇಡ."

ಅವಳು ತಲೆಯಾಡಿಸಿದಳು. ಆ ರೊಟ್ಟಿಯನ್ನು ನಾನು ತಿಂದೆ. ನನಗೆ ಈಗಲೂ ನಾಚಿಕೆಯಾಗುವುದು ಫೋನಿನ ವಿಷಯಕ್ಕಿಂತ ಹೆಚ್ಚಾಗಿ ಆ ರೊಟ್ಟಿಗೆ.

ಶುಕ್ರವಾರ ಸಂಜೆ ಡಾಕ್ಟರಮ್ಮನ ಹತ್ತಿರ ಮಗಳ ಶಾಲೆಯಲ್ಲಿ ಮೀಟಿಂಗ್ ಎಂದು ಹೇಳಿ ಒಂದು ದಿನದ ರಜೆ ಕೇಳಿದೆ. ಗಂಡನಿಗೆ ಡಾಕ್ಟರಮ್ಮ ಹಾಸನಕ್ಕೆ ಕಳಿಸುತ್ತಿದ್ದಾರೆ ಎಂದೆ. ಶನಿವಾರ ಬೆಳಗ್ಗೆ ಒಳ್ಳೆ ಸೀರೆ ಉಟ್ಟು, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡನ್ನೂ, ಈ ವರ್ಷ ಮಗಳನ್ನು ಹೈಸ್ಕೂಲಿಗೆ ಸೇರಿಸುವಾಗ ಡಾಕ್ಟರಮ್ಮ ಬರೆದುಕೊಟ್ಟಿದ್ದ ಕೆಲಸದ ಪತ್ರವನ್ನೂ ಕವರಿನಲ್ಲಿ ಹಾಕಿಕೊಂಡು ಹಾಸನದ ಬಸ್ಸು ಹತ್ತಿದೆ. ಒಂದು ಕೆಲಸ ಖಾಲಿ ಇದೆ, ನನಗೆ ಹನ್ನೊಂದು ವರ್ಷದ ಅನುಭವ ಇದೆ, ಅವಳಿಗೆ ಎಂಟು ತಿಂಗಳದ್ದು. ದಾರಿಯುದ್ದಕ್ಕೂ ಇದನ್ನೇ ಮನಸ್ಸಿನಲ್ಲಿ ತಿರುಗಿಸಿ ಮುರುಗಿಸಿ ಹೇಳಿಕೊಂಡೆ.

ಆಸ್ಪತ್ರೆಯ ಆಫೀಸಿನಲ್ಲಿದ್ದವನು ಮೂವತ್ತರ ಒಳಗಿನ ಹುಡುಗ. ಕೂರಿಸಿದ, ನೀರು ಕೊಟ್ಟ. ನನ್ನ ಪತ್ರವನ್ನು ಪೂರ್ತಿ ಓದಿದ.

"ಹನ್ನೊಂದು ವರ್ಷ! ಏನೇನು ಮಾಡ್ತೀರಾ ಮೇಡಂ?"

ಹೇಳಿದೆ. ಹೇಳುತ್ತ ಹೇಳುತ್ತ ನನಗೇ ಹೆಮ್ಮೆಯಾಯಿತು.

"ಕೋರ್ಸು ಎಲ್ಲಿ ಮಾಡಿದ್ದು?"

"ಕೋರ್ಸಿಲ್ಲ ಸರ್. ಡಾಕ್ಟ್ರಮ್ಮನ ಹತ್ರನೇ ಕಲಿತಿದ್ದು. ಇಸಿಜಿ ಒಂದು ತಿಂಗಳು ತೋರಿಸಿದ್ರೆ ಕಲ್ತುಬಿಡ್ತೀನಿ."

ಅವನು ಪತ್ರವನ್ನು ಜೋಪಾನವಾಗಿ ಮಡಿಸಿದ. "ಮೇಡಂ, ನಿಮಗೆ ಗೊತ್ತಿಲ್ಲ ಅಂತ ನಾನು ಹೇಳ್ತಿಲ್ಲ. ಸರ್ಟಿಫಿಕೇಟ್ ಇಲ್ಲದೆ ಪೇಷಂಟ್ ಮೈ ಮುಟ್ಟೋ ಕೆಲಸಕ್ಕೆ ನಾವು ತಗೊಳ್ಳೋ ಹಾಗಿಲ್ಲ. ವಾರ್ಡಲ್ಲಿ ಆಯಾ ಕೆಲಸ ಒಂದಿದೆ, ಬೇಕಾದ್ರೆ ಬರ್ಕೋತೀನಿ."

ಅವನು ಒರಟಾಗಿ ಮಾತಾಡಿದ್ದರೆ ಬೈದುಕೊಂಡು ಬರಬಹುದಿತ್ತು. ಅಷ್ಟು ಮರ್ಯಾದೆಯಿಂದ ಹೇಳಿದವನನ್ನು ಬೈಯುವುದು ಹೇಗೆ? ಹನ್ನೊಂದು ವರ್ಷದಲ್ಲಿ ನಾನು ಮುಟ್ಟದ ಮೈ ಆ ತಾಲ್ಲೂಕಿನಲ್ಲಿ ಎಷ್ಟು ಉಳಿದಿರಬಹುದು? ಕಾಗದದ ಪ್ರಕಾರ ನಾನು ಒಂದನ್ನೂ ಮುಟ್ಟಿರಲಿಲ್ಲ.

ಏಳುವ ಹೊತ್ತಿಗೆ ಅವನು ಪತ್ರದ ತಲೆಯ ಮೇಲಿನ ವಿಳಾಸ ನೋಡಿ, "ಇದೇ ಕ್ಲಿನಿಕ್ಕಿಂದ ಒಬ್ರು ಸೋಮವಾರ ಬರ್ತಾರಲ್ಲ? ಗುರುವಾರ ಫೋನ್ ಮಾಡಿದ್ದೆ. ಅವರಿಗೆ ತಿಳಿಸಿದ್ರಾ?" ಎಂದ.

"ತಿಳಿಸಿದ್ದೀನಿ" ಅಂದೆ.

"ನೀವೂ ಮಾಡಬಹುದು ಮೇಡಂ. ಎಸ್ಸೆಸ್ಸೆಲ್ಸಿ ಆಗಿದ್ರೆ ಸಾಕು, ಮೂರು ವರ್ಷದ ಡಿಪ್ಲೊಮಾ" ಎಂದು ಹಿಂದಿನಿಂದ ಹೇಳಿದ. ನಾನು ತಿರುಗಿ ನೋಡಲಿಲ್ಲ.

ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಸುಮಾರು ಹೊತ್ತು ಕೂತಿದ್ದೆ. ನಮ್ಮೂರಿನ ಬಸ್ಸು ಎರಡು ಹೋದವು. ಅರಕಲಗೂಡಿನ ಬಸ್ಸು ಬಂದಾಗ ಎದ್ದು ಹತ್ತಿದೆ. ಪಶ್ಚಾತ್ತಾಪದಿಂದ ಎಂದು ಬರೆದರೆ ಅರ್ಧ ಸುಳ್ಳಾಗುತ್ತದೆ. ಆ ಹುಡುಗ ಮತ್ತೆ ಫೋನು ಮಾಡಿದರೆ ಎಲ್ಲ ಬಯಲಾಗುತ್ತದೆ ಅನ್ನುವ ಹೆದರಿಕೆಯೂ ಇತ್ತು. ಸಿಕ್ಕಿಬೀಳುವ ಮೊದಲು ನಾನೇ ಹೇಳಿಬಿಡುವುದು ವಾಸಿ ಅನ್ನಿಸಿತು. ನನ್ನ ರಜೆಯಿಂದಾಗಿ ಅವಳು ಅವತ್ತು ಕ್ಲಿನಿಕ್ಕಿನಲ್ಲಿ ಇಬ್ಬರ ಕೆಲಸ ಮಾಡುತ್ತಿದ್ದಳು. ಸಂಜೆಯವರೆಗೆ ಅವಳ ಮನೆಯಲ್ಲೇ ಕಾಯುವುದು ಎಂದುಕೊಂಡೆ.

ಅಂಗಡಿಯೊಂದರಲ್ಲಿ ಕೇಳಿ ಮನೆ ಹುಡುಕಿದೆ. ಅವಳ ತಾಯಿ ಜಗಲಿಯಲ್ಲಿ ಕೂತು ಸೀರೆ ಸೆರಗಿಗೆ ಕುಚ್ಚು ಕಟ್ಟುತ್ತಿದ್ದರು. ನಾನು ಯಾರೆಂದು ಹೇಳುತ್ತಿದ್ದಂತೆ ಸೀರೆಯನ್ನು ಪಕ್ಕಕ್ಕೆ ತಳ್ಳಿ ಎದ್ದುನಿಂತರು.

"ಅಯ್ಯೋ, ಕ್ಲಿನಿಕ್ಕಿನ್ ಅಕ್ಕ ನೀನೇಯಾ? ಬಾ ಕಣವ್ವ, ಒಳಕ್ ಬಾ. ಮನೇಗ್ ಬಂದ್ರೆ ನಿನ್ ಮಾತೇಯ. ಅಕ್ಕ ಅಂಗಂದ್ರು, ಅಕ್ಕ ಇಂಗ್ ತೋರ್ಸುದ್ರು, ಬರೀ ಇದೇ. ಅವ್ರಪ್ಪ ಆಲೂಗಡ್ಡೆ ಒಲದ್ ತಾವ ಓಗವ್ರೆ, ಬತ್ತಾರೆ. ಉಣ್ಣು ಮೊದ್ಲು."

ಬೇಡವೆಂದರೂ ಬಡಿಸಿದರು. ಮುದ್ದೆ, ಅವರೆಕಾಳಿನ ಸಾರು. ಉಂಡಾದ ಮೇಲೆ ಬೀರುವಿನಿಂದ ಒಂದು ನೋಟ್‌ಬುಕ್ ತಂದು ನನ್ನ ಮುಂದಿಟ್ಟರು. "ನಂಗ್ ಓದಾಕ್ ಬರಾಕಿಲ್ಲ ಕಣವ್ವ. ಇದ್ರಾಗೆಲ್ಲ ನೀನ್ ಯೇಳ್ಕೊಟ್ಟಿದ್ದೇ ಅದಂತೆ. ನೋಡು."

ಮೊದಲ ಪುಟದಲ್ಲಿ 'ಅಕ್ಕ ಹೇಳಿದ್ದು' ಎಂದು ಬರೆದು ಕೆಳಗೆ ಗೆರೆ ಎಳೆದಿದ್ದಳು. ಹಿಮ್ಮಡಿಗೆ ಹತ್ತಿ ಹಾಸುವ ಚಿತ್ರ ಇತ್ತು. ಮುದುಕರಿಗೆ ಬಲಗಿವಿ ಕೇಳದಿದ್ದರೆ ಎಡಗಡೆ ಕೂತು ಮಾತಾಡಬೇಕು ಎಂದಿತ್ತು. ಒಂದು ಪುಟದ ಮೂಲೆಯಲ್ಲಿ, 'ಅಕ್ಕ ರೋಗಿಯನ್ನು ಮುಟ್ಟುವ ಮೊದಲು ಕೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳುತ್ತಾರೆ. ನಾನು ಮರೆಯುತ್ತೇನೆ' ಎಂದಿತ್ತು. ನಾನು ಹಾಗೆ ಮಾಡುತ್ತೇನೆಂಬುದು ನನಗೇ ಗೊತ್ತಿರಲಿಲ್ಲ.

ಅದನ್ನು ಓದಿ ನನ್ನ ಹೊಟ್ಟೆಕಿಚ್ಚು ಕರಗಿತು ಎಂದರೆ ಯಾರಾದರೂ ನಂಬಬಹುದು. ಕರಗಲಿಲ್ಲ. ನನ್ನದೆಲ್ಲ ಹೀಗೆ ಬರೆದಿಟ್ಟುಕೊಂಡಿದ್ದಾಳೆ, ಅದರ ಮೇಲೆ ಅವಳ ಡಿಪ್ಲೊಮಾ ಬೇರೆ ಇದೆ, ಮಗಳ ನೋಟ್‌ಬುಕ್ಕನ್ನು ಬೀರುವಿನಲ್ಲಿಟ್ಟು ಕಾಯುವ ತಾಯಿ ಬೇರೆ ಇದ್ದಾಳೆ ಎಂದು ಇನ್ನಷ್ಟು ಉರಿಯಿತು. ಅದರ ಜೊತೆಗೇ ಕಣ್ಣಲ್ಲಿ ನೀರು ಬಂತು. ಎರಡೂ ಒಟ್ಟಿಗೆ ಬರಬಹುದು ಎನ್ನುವುದು ಅವತ್ತೇ ನನಗೆ ತಿಳಿದದ್ದು.

ಆರು ಗಂಟೆಗೆ ಅವಳು ಬಂದಳು. ಮುಖವೆಲ್ಲ ಬಾಡಿತ್ತು. ನನ್ನನ್ನು ನೋಡಿ ಗಾಬರಿಯಾದಳು. "ಅಕ್ಕ! ಏನಾಯ್ತು? ಪಾಪು ಹುಷಾರಾಗಿದ್ದಾಳಾ?"

ತಾಯಿ ಕಾಫಿಗೆಂದು ಒಳಗೆ ಹೋದರು. ನಾನು ಪರ್ಸಿನಿಂದ ಚೀಟಿ ತೆಗೆದು ಅವಳ ಕೈಗಿಟ್ಟೆ.

"ಆಸ್ಪತ್ರೆಯಿಂದ ಫೋನ್ ಬಂದಿತ್ತು. ಸೋಮವಾರ ಹತ್ತು ಗಂಟೆಗೆ ಹೋಗ್ಬೇಕು."

ಅವಳ ಮುಖ ಅರಳಿತು. "ಯಾವಾಗ ಮಾಡಿದ್ರಕ್ಕ? ಇವತ್ತಾ?"

ಇವತ್ತು ಎಂದುಬಿಡಬಹುದಿತ್ತು. ಅವಳು ನಂಬುತ್ತಿದ್ದಳು.

"ಗುರುವಾರ. ನಾನೇ ಹೇಳಲಿಲ್ಲ."

"ಯಾಕೆ?"

"ಹೊಟ್ಟೆಕಿಚ್ಚು ಕಣೇ."

ಅವಳು ಚೀಟಿಯನ್ನೂ ನನ್ನ ಸೀರೆಯನ್ನೂ ಕಂಕುಳಲ್ಲಿದ್ದ ಕವರನ್ನೂ ನೋಡಿದಳು. "ಇವತ್ತು ಪಾಪು ಸ್ಕೂಲಲ್ಲಿ ಮೀಟಿಂಗು ಅಂದಿದ್ರಿ."

"ಹಾಸನಕ್ಕೆ ಹೋಗಿದ್ದೆ. ಆ ಕೆಲಸ ನನಗೇ ಕೊಡಿ ಅಂತ ಕೇಳೋಕೆ. ಕೊಡಲಿಲ್ಲ."

ಕಾಫಿ ಬಂತು. ಇಬ್ಬರೂ ಕುಡಿದೆವು. ತಾಯಿ ಅರಿಶಿನ ಕುಂಕುಮ ಕೊಟ್ಟು, "ಇನ್ನೊಂದ್ ದಪ ಮಗೀನೂ ಕರ್ಕಂಡ್ ಬಾ ಕಣವ್ವ" ಅಂದರು. ಅವಳು ಬಸ್‌ಸ್ಟ್ಯಾಂಡಿನವರೆಗೆ ನನ್ನ ಜೊತೆ ನಡೆದು ಬಂದಳು. ಬಸ್ಸು ಬರುವುದು ಕಂಡಾಗ ಒಂದೇ ಒಂದು ಪ್ರಶ್ನೆ ಕೇಳಿದಳು.

"ನಿಮಗೆ ಕೊಟ್ಟಿದ್ರೆ, ನನಗೆ ಹೇಳ್ತಿದ್ರಾ ಅಕ್ಕ?"

"ಗೊತ್ತಿಲ್ಲ" ಅಂದೆ.

ಅವಳು ತಲೆಯಾಡಿಸಿದಳು. ಬಸ್ಸು ಹೊರಡುವವರೆಗೆ ನಿಂತಿದ್ದಳು, ಕೈ ಬೀಸಲಿಲ್ಲ.

ಸೋಮವಾರ ಅವಳಿಗೆ ಕೆಲಸ ಸಿಕ್ಕಿತು. ಡಾಕ್ಟರಮ್ಮನಿಗೆ ಅವಳು ನನ್ನ ವಿಷಯ ಹೇಳಲಿಲ್ಲ. ಬಿಡುವ ಮೊದಲು ಮೂರು ವಾರ ನನ್ನ ಜೊತೆ ಕೆಲಸ ಮಾಡಿದಳು. ಹತ್ತಿ ಮುಗಿದಿದೆ, ಮುಂದಿನ ಟೋಕನ್ ಕಳಿಸಿ, ಇಷ್ಟೇ ಮಾತು. ಊಟಕ್ಕೆ ಬೇರೆ ಹೊತ್ತಿಗೆ ಹೋಗುತ್ತಿದ್ದಳು. ಬೈದಿದ್ದರೆ ಹಗುರಾಗುತ್ತಿತ್ತೇನೋ. ಬೈಯಲಿಲ್ಲ.

ಅವಳು ಹೋದ ಮೇಲಿನ ಬುಧವಾರ ಡಾಕ್ಟರಮ್ಮ ಮತ್ತೆ ನನ್ನನ್ನೇ ಚನ್ನರಾಯಪಟ್ಟಣಕ್ಕೆ ಕರೆದುಕೊಂಡು ಹೋದರು. ಯಾವುದಕ್ಕಾಗಿ ಅಷ್ಟೊಂದು ಕೊರಗಿದ್ದೆನೋ ಆ ಸೀಟು ನನಗೆ ವಾಪಸ್ ಸಿಕ್ಕಿತ್ತು. ದಾರಿಯಲ್ಲಿ ಅವರು ಅವಳ ಬಗ್ಗೆಯೇ ಮಾತಾಡಿದರು. ಎಷ್ಟು ಚುರುಕು, ಎಷ್ಟು ಬೇಗ ಕಲಿತಳು ಎಂದು. ನಾನು ಹೂಂಗುಟ್ಟಿದೆ. ಆಮೇಲೆ ಹೇಳಿದೆ.

"ಮೇಡಂ, ನಾನು ಡಿಪ್ಲೊಮಾಗೆ ಸೇರ್ತೀನಿ."

"ಈ ವಯಸ್ಸಲ್ಲಾ? ಮೂರು ವರ್ಷ! ನಿನಗೆ ಇಲ್ಲಿ ಏನು ಕಮ್ಮಿಯಾಗಿದೆ?"

"ಹನ್ನೊಂದು ವರ್ಷದ ಹಿಂದೇನೂ ನೀವು ಬೇಡ ಅಂದಿದ್ರಿ. ಕೈಯಲ್ಲೇ ವಿದ್ಯೆ ಇದೆ ಅಂದ್ರಿ. ಅದನ್ನ ಹಾಸನದಲ್ಲಿ ಯಾರೂ ನಂಬಲ್ಲ ಮೇಡಂ."

ಅವರ ಎದುರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಅವರು ಕಾರಿನ ವೇಗ ಕಡಿಮೆ ಮಾಡಿದರು. "ನಾನು ನನ್ನ ಅನುಕೂಲ ನೋಡ್ಕೊಂಡೆ, ಅಲ್ವಾ?" ಎಂದರು ಕೊನೆಗೆ. ನಾನು ಅಲ್ಲ ಎನ್ನಲಿಲ್ಲ. ಮಾರನೆಯ ವಾರ ಕಾಲೇಜಿಗೆ ಅವರೇ ಪತ್ರ ಬರೆದುಕೊಟ್ಟರು. ನನ್ನ ಕ್ಲಿನಿಕ್ಕಿನ ಹೊತ್ತನ್ನು ಸಂಜೆಗೆ ಬದಲಾಯಿಸಿದರು.

ಈಗ ಎರಡನೇ ವರ್ಷ. ತರಗತಿಯಲ್ಲಿ ನನ್ನ ಮಗಳಿಗಿಂತ ಸ್ವಲ್ಪವೇ ದೊಡ್ಡ ಹುಡುಗ ಹುಡುಗಿಯರು. ಮೊದಮೊದಲು ನನ್ನನ್ನು ಆಂಟಿ ಅನ್ನುತ್ತಿದ್ದರು, ಪರೀಕ್ಷೆ ಹತ್ತಿರ ಬಂದಾಗ ಅಕ್ಕ ಎನ್ನುತ್ತಾರೆ. ರೋಗಿಯ ಹತ್ತಿರ ನಿಂತರೆ ನನಗೆ ಭಯವಿಲ್ಲ, ಇಂಗ್ಲಿಷ್ ಪುಸ್ತಕ ತೆರೆದರೆ ಇದೆ. ಮುಗಿಸಿದರೆ ಕೆಲಸ ಸಿಗಬಹುದು, ವಯಸ್ಸಾಯಿತು ಎನ್ನಲೂಬಹುದು. ಗೊತ್ತಿಲ್ಲ.

ಈ ವರ್ಷದ ಪ್ರಾಕ್ಟಿಕಲ್ಲಿಗೆ ನಮ್ಮನ್ನು ಕಳಿಸಿದ್ದು ಅದೇ ಆಸ್ಪತ್ರೆಗೆ. ಇಸಿಜಿ ಕೋಣೆಯಲ್ಲಿ ಅವಳಿದ್ದಳು. ಬಿಳಿ ಕೋಟು, ಎದೆಯ ಮೇಲೆ ಹೆಸರಿನ ಪಟ್ಟಿ. ಒಂದು ಕ್ಷಣ ನನ್ನನ್ನೇ ನೋಡಿ, ಹಾಜರಿ ಪುಸ್ತಕದಲ್ಲಿ ಬರೆದುಕೊಂಡಳು. ನನ್ನ ಸರದಿ ಬಂದಾಗ ಮಂಚದ ಮೇಲೆ ಒಬ್ಬ ಲಾರಿ ಡ್ರೈವರ್ ಮಲಗಿದ್ದ. ಅವಳ ಕೋಟನ್ನೂ ಎಲ್ಲರೂ ಅವಳ ಮಾತಿಗೆ ಕಾಯುವುದನ್ನೂ ಕಂಡು ಹಳೆಯ ಉರಿ ಮತ್ತೆ ಎದ್ದಿತ್ತು. ಆ ಉರಿಯಲ್ಲಿ ಬಲಗೈಯ ತಂತಿಯನ್ನು ಎಡಗೈಗೆ, ಎಡಗೈಯದನ್ನು ಬಲಗೈಗೆ ಹಾಕಿಬಿಟ್ಟೆ. ಕಾಗದ ಹೊರಬಂತು. ಅವಳು ನೋಡಿದ ಕೂಡಲೇ ಕಂಡುಹಿಡಿದಳು. ಹುಡುಗಿಯೊಬ್ಬಳು ಕಿಸಕ್ಕೆಂದಳು.

"ಇಲ್ಲಿ ನಗೋದೇನಿದೆ?" ಎಂದು ಆ ಹುಡುಗಿಯನ್ನು ಗದರಿಸಿ, ನನ್ನ ಕಡೆ ತಿರುಗಿ, "ಮೊದಲನೇ ಗೆರೆ ತಲೆಕೆಳಗಾಗಿದೆ, ನೋಡಿ. ಕೈ ತಂತಿ ಅದಲುಬದಲಾದ್ರೆ ಹೀಗೇ ಬರೋದು. ಬಿಚ್ಚಿ ಇನ್ನೊಂದು ಸಲ ತೆಗೀರಿ ಅಕ್ಕ" ಎಂದಳು.

ನಾನು ತಂತಿಗಳನ್ನು ಬಿಚ್ಚಿ, ಮತ್ತೆ ಮೊದಲಿನಿಂದ ಹಾಕತೊಡಗಿದೆ.